ಉಸಿರು ಹಿಡ್ಕೊಳ್ಳಿ

ವಾರಕ್ಕೆ ಆರು ದಿನ
ದೊಡ್ಡಾಸ್ಪತ್ರೆಯ ಹದಿನಾಲ್ಕನೇ ಕೋಣೆಯಲ್ಲಿ
ಗಾಜಿನ ಹಿಂದೆ ನಿಂತು ಹೇಳುತ್ತೇನೆ:
ಗದ್ದ ಮೇಲೆ. ಭುಜ ಮುಂದೆ.
ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ.
ಹಾಂ, ಬಿಡಿ.
ಮುಂದಿನವರು ಬನ್ನಿ.

ಏಳನೆಯ ದಿನ ಸೀಸದ ಏಪ್ರನ್ನು ಮೊಳೆಗೆ,
ಕ್ಯಾಮೆರಾ ಹೆಗಲಿಗೆ.
ದುರ್ಗಿಗುಡಿಯ ಇಮ್ತಿಯಾಜ್
ಮದುವೆ ಫೋಟೊ ಸಾಕೆಂದು ಟೈಲ್ಸ್ ಅಂಗಡಿ ಹಾಕುವಾಗ
ನನಗೆ ದಾಟಿಸಿದ್ದು.
ಲೆನ್ಸಿನೊಳಗೆ ಒಂದು ಮೂಲೆಗೆ ಬೂಷ್ಟು.
ಎದೆಯಲ್ಲಿ ಅಷ್ಟು ಮಬ್ಬು ಕಂಡಿದ್ದರೆ
ಸುತ್ತು ಹಾಕಿ ಕಳಿಸುತ್ತಿದ್ದೆ ಮೇಲಿನ ಮಹಡಿಗೆ.
ಇದಕ್ಕೆ ನಾನು ಕೊಟ್ಟ ಮದ್ದು
ಡಬ್ಬಿಯೊಳಗೆ ಒಂದು ಹಿಡಿ ಅಕ್ಕಿ.

ಮೊದಲು ಹೋದದ್ದು ಸಕ್ರೆಬೈಲಿಗೆ, ಎಲ್ಲರ ಹಾಗೆ.
ಆನೆ ನೀರಲ್ಲಿ ಮಗ್ಗುಲಾಗಿತ್ತು,
ಕಾವಾಡಿ ಅದರ ಕಿವಿಯ ಹಿಂದೆ ಉಜ್ಜುತ್ತಿದ್ದ.
ಚಿತ್ರದಲ್ಲಿ ಬಂದದ್ದು
ಅರ್ಧ ಸೊಂಡಿಲು,
ಪೂರ್ತಿ ಒಬ್ಬರು ಯಾರದೋ ಸೋದರಮಾವ,
ಅವರ ಸೆಲ್ಫಿಯ ಕೋಲು.

ಮಂಡಗದ್ದೆಯಲ್ಲಿ ನೂರ ಹದಿನೇಳು ತೆಗೆದೆ.
ನೂರ ಹದಿನಾರರಲ್ಲಿ ಹಕ್ಕಿ ಹೊರಟುಹೋಗಿ
ಕೊಂಬೆ ಮಾತ್ರ ತೂಗುತ್ತಿದೆ.
ಮನೆಯಲ್ಲಿ ಶಶಿರೇಖಾ ಒಂದೊಂದೇ ಸರಿಸಿ
'ಮರ ಚೆನ್ನಾಗಿದೆ' ಅಂದಳು.
ಉಳಿದ ಒಂದರಲ್ಲಿ ಬೆಳ್ಳಕ್ಕಿಯೊಂದು
ಸೂರ್ಯನಿಗಡ್ಡ ರೆಕ್ಕೆ ಬಿಚ್ಚಿತ್ತು.
ಬೆಳಕು ಹಾಯ್ದು ಎಲುಬೆಲ್ಲ ಎಣಿಸುವಂತಿತ್ತು.
ರಜೆಯ ದಿನವೂ ಡ್ಯೂಟಿ ತಪ್ಪಲಿಲ್ಲ.

ಕೂಡ್ಲಿಗೆ ಹೋದದ್ದು
ತುಂಗೆ ಭದ್ರೆ ಬೆರೆಯುವ ಗೆರೆ ಹಿಡಿಯಲು.
ಒಂದು ಕೆಂಪು, ಒಂದು ತಿಳಿ,
ಕಣ್ಣಿಗೇ ಕಾಣುತ್ತೆ ಅಂದಿದ್ದರು ಆಫೀಸಿನಲ್ಲಿ.
ನೋಡಿದರೆ ಎರಡೂ ಒಂದೇ ಚಹಾ.
ದಡದಲ್ಲಿ ಮಗುಚಿದ ಹರಿಗೋಲಿಗೆ
ಬಿಸಿ ಡಾಂಬರು ಬಳಿಯುತ್ತಿದ್ದವನು
ತಲೆ ಎತ್ತಿದ:
'ಹದಿನಾಲ್ಕನೇ ರೂಮಿನೋರಲ್ವಾ?'

ಹೌದು ಅಂದೆ. ಮುಖ ಗುರುತಾಗಲಿಲ್ಲ.
ನನಗೆ ಯಾರ ಮುಖವೂ ಇಲ್ಲ,
ಎದೆ ತಣ್ಣನೆ ಹಲಗೆಗೆ ಒತ್ತಿ
ಬೆನ್ನು ಮಾಡಿಯೇ ನಿಲ್ಲುತ್ತಾರೆ ಎಲ್ಲ.
'ಹಳದಪ್ಪ. ಆರು ತಿಂಗಳು ಮಾತ್ರೆ ನುಂಗಿದೆ' ಅಂದ,
ಡಾಂಬರಿನ ಬೆರಳಿಂದ ಎಡ ಎದೆ ತೋರಿಸಿದ.
ಆಗ ಹೊಳೆಯಿತು, ಎಡಗಡೆಯದಲ್ಲ,
ಬಲಕ್ಕೆ ಏಳನೇ ಪಕ್ಕೆಲುಬು,
ಎಂದೋ ಮುರಿದು ಸೊಟ್ಟಗೆ ಕೂಡಿದ್ದು.
'ಅದಾ! ಎತ್ತು ಹಾಯ್ದದ್ದು!'
ಹಳೇ ನೆಂಟ ಸಿಕ್ಕವನಂತೆ ನಕ್ಕ.

'ಒಳಗಿಂದೆಲ್ಲ ಮೂರು ಸಲ ತೆಗ್ದೀರಿ ಸಾರ್,
ಈ ಸಲ ಹೊರಗಿಂದು ತೆಗೀರಿ.'

ಪೊದೆಯ ಮೇಲಿನ ಅಂಗಿ ಕೊಡವಿ ತೊಟ್ಟ,
ಕುತ್ತಿಗೆಯವರೆಗೂ ಗುಂಡಿ ಹಾಕಿದ,
ಬಂದು ನಿಂತ,
ನನಗೆ ಬೆನ್ನು ಮಾಡಿ.
ಈ ಕಡೆ, ಈ ಕಡೆ ಅಂದು ತಿರುಗಿಸಿದೆ.
ಬೂಷ್ಟಿನ ಮೂಲೆ ಆಕಾಶಕ್ಕೆ ಬರಲೆಂದು
ಕ್ಯಾಮೆರಾ ತಲೆಕೆಳಗು ಮಾಡಿಕೊಂಡೆ.
ಬಾಯಿ ತನ್ನಷ್ಟಕ್ಕೆ ಹೇಳಿತು:
ಗದ್ದ ಮೇಲೆ.
ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ.

ತೆಗೆದೆ. ಪರದೆಯಲ್ಲಿ ಹಿಗ್ಗಿಸಿ ನೋಡಿದೆ.
ಮೂಗಿನ ಪಕ್ಕ ಸಿಡುಬಿನ ಎರಡು ಕುಣಿ,
ಹುಬ್ಬಿನಲ್ಲಿ ಒಂದೇ ಬಿಳಿ ಕೂದಲು,
ಕಣ್ಣು ನನ್ನನ್ನೇ, ನೇರ.
ಹನ್ನೊಂದು ವರ್ಷದ ಕೆಲಸದಲ್ಲಿ ಒಬ್ಬರೂ
ಹೀಗೆ ನನ್ನ ನೋಡಿದ್ದಿಲ್ಲ.
ನೋಡುತ್ತಲೇ ಇದ್ದೆ.

ಡಾಂಬರಿನ ಡಬ್ಬ ಹಿಡಿದ ಹುಡುಗ ಕೂಗಿದ:
'ಸಾರ್, ಬಿಡಿ ಅನ್ನಿ ಸಾರ್!
ಅಪ್ಪ ಇನ್ನೂ ಹಿಡ್ಕಂಡೇ ಅದಾನೆ!'

ಬಿಡಿ, ಬಿಡಿ ಅಂದೆ.
ಹಳದಪ್ಪ ಬಿಟ್ಟ,
ಬಿಟ್ಟವನು ಒಂದು ಸಲ ಕೆಮ್ಮಿದ.
ಹುಡುಗ ಅಪ್ಪನ ಮುಖ ನೋಡಿದ,
ನಾನು ಎಡ ಎದೆ ನೋಡಿದೆ.
ಎರಡು ಹೊಳೆ ಒಂದಾಗಿ ಹರಿಯುವ ಸದ್ದು ಬಿಟ್ಟರೆ
ಬೇರೆ ಸದ್ದಿಲ್ಲ.

'ಡಾಂಬರಿನ ಹೊಗೆ ಸಾರ್,' ಅಂದ,
'ಬರೀ ಹೊಗೆ.'