ಇಪ್ಪತ್ತು ಅಂದಿದ್ದೆ

ಪೋರ್ಟ್ ಪಿರಿಯಲ್ಲಿ ರಾತ್ರಿ ಹತ್ತೂವರೆ.
ಸೀಸ ಕರಗಿಸುವ ಕಾರ್ಖಾನೆಯ ಚಿಮಣಿಯ ನೆತ್ತಿಗೆ ಕೆಂಪು ದೀಪ.
ನಾನು, ಗಾರ್ಡನ್ ಪಾಸ್ಕೋ, ಅರವತ್ತಾರು,
ಕ್ರೇನ್ ನಡೆಸಿ ಬಿಟ್ಟವನು, ಹುಟ್ಟು ಉಗ್ಗ,
ಉಗ್ಗುವವರ ಗುಂಪಿಗೆ ಬಾಗಿಲು ಕಾಯುವವನು,
ಒಂದು ಗುಂಡಿ ಒತ್ತಬೇಕಾಗಿದೆ.
ಒತ್ತಿಲ್ಲ. ಚಹಾ ಆರಿ ಕೆನೆಗಟ್ಟಿದೆ.

ನಮ್ಮಲ್ಲಿ ಯಾರೂ ಯಾರ ಮಾತನ್ನೂ ಮುಗಿಸಿಕೊಡುವುದಿಲ್ಲ.
ಮೊದಲು ಇದ್ದದ್ದು ಅದೊಂದೇ ಕಟ್ಟಳೆ.
ಎರಡನೆಯದು ಆಮೇಲೆ ಬಂತು:
ಹದಿನಾರು ತುಂಬದವರಿಗೆ ಒಳಗೆ ಜಾಗವಿಲ್ಲ.

ಓಟಿಲಿ ಬರೆಯುತ್ತಿದ್ದಳು, ರಾತ್ರಿ, ಉದ್ದುದ್ದ,
ಎಲ್ಲೋ ಒಂದು ಧಾನ್ಯದ ಬಂದರಿನಿಂದ.
ಶಾಲೆಯಲ್ಲಿ ಹಾಜರಿ ಕೂಗುವಾಗ
ಕೈಯೆತ್ತುತ್ತಾಳಂತೆ, ಬಾಯಿ ತೆರೆಯುವುದಿಲ್ಲವಂತೆ.
ನಮ್ಮಲ್ಲಿ ಮಾತ್ರ ಅವಳ ವಾಕ್ಯಗಳು
ಬೇಸಿಗೆಯ ಹುಡುಗರು ಕಟ್ಟೆಯಿಂದ ನೀರಿಗೆ ಹಾರಿದ ಹಾಗೆ,
ಒಂದರ ಹಿಂದೊಂದು.

ನಿನ್ನೆ ಕೇಳಿದ್ದಳು:
ಮೀನಿನಂಗಡಿಯಲ್ಲಿ ಹೆಸರು ಕೇಳಿದರೆ ಏನು ಮಾಡುತ್ತೀರಿ?
ನಾನು ಮೇ ಅನ್ನುತ್ತೇನೆ. ಮೇ ಸಲೀಸು.
ಪೊಟ್ಟಣ ಬಂದಾಗ ಅವರು ಮೇಯನ್ನು ಕೂಗುತ್ತಾರೆ,
ನನಗೆ ಏಳಲು ಮರೆತುಹೋಗುತ್ತದೆ.

ಅದರ ಕೆಳಗೇ, ಯಾರೂ ಕೇಳದೆ:
ನನಗೆ ಹದಿನಾಲ್ಕು.
ಹುಟ್ಟಿದ ವರ್ಷದ ಚಕ್ರ ಎರಡು ಹಲ್ಲು ಹಿಂದಕ್ಕೆ ತಿರುಗಿಸಿದೆ.
ನಿಮಗೆ ಹೇಳಿದ ಸುಳ್ಳು ಅದೊಂದೇ.
ತಡವರಿಸದೆ ಹೇಳಿದ್ದೂ ಅದೊಂದೇ.

ಕಟ್ಟಳೆ ಮಾಡಿದವರು ಮೂರ್ಖರಲ್ಲ.
ಹೋದ ಚಳಿಗಾಲ ಒಬ್ಬ ಬಂದಿದ್ದ. ಹದಿನೇಳು ಅಂದ.
ನಲವತ್ತು ದಾಟಿತ್ತು.
ಮಕ್ಕಳಿಗೆ ಮಾತ್ರ ಬರೆಯುತ್ತಿದ್ದ, ಗುಟ್ಟಾಗಿ, ಒಬ್ಬೊಬ್ಬರಿಗೇ;
ಎಂಥ ತಾಳ್ಮೆ, ಎಷ್ಟು ಜೇನು.
ನನಗೆ ತಿಳಿಯಲು ಹನ್ನೊಂದು ದಿನ ಬೇಕಾಯಿತು.
ನಿದ್ದೆಯಲ್ಲಿ ಈಗಲೂ ಎಣಿಸುತ್ತೇನೆ ಅವನ್ನು, ಬೆರಳು ಸಾಲುವುದಿಲ್ಲ.

ನಾನೂ ನಿಂತಿದ್ದೆ ಒಂದು ಬಾಗಿಲಲ್ಲಿ,
ಹದಿನೈದರಲ್ಲಿ, ಕುಲುಮೆಯ ಗೇಟಿನ ಮುಂದೆ.
ವಯಸ್ಸೆಷ್ಟು?
ದಾರಿಯುದ್ದಕ್ಕೂ ಉರುಹಚ್ಚಿದ್ದೆ, ಹದಿನೆಂಟು, ಹದಿನೆಂಟು.
ಹ... ಹ... ಹ...
ಉಸಿರು ಬಂತು, ಅಂಕಿ ಬರಲಿಲ್ಲ.
ಕೊನೆಗೆ ನಾಲಿಗೆ ಸುಲಭದ ದಾರಿ ಹಿಡಿದು
ಇಪ್ಪತ್ತು ಅಂದಿತು.
ಮೀಸೆಯಿರದ ಇಪ್ಪತ್ತು.
ಮೇಸ್ತ್ರಿ ನನ್ನ ಮೊಣಕಾಲಿನ ತರಚು ನೋಡಿದ,
ನೋಡಿಯೂ ಬರೆದುಕೊಂಡ.
ನನ್ನ ಐದು ವರ್ಷ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ.
ಸೀಸ ಸಿಕ್ಕಿತು, ಬಹಳ ಕಾಲದ ಮೇಲೆ, ರಕ್ತದಲ್ಲಿ, ಡಾಕ್ಟರಿಗೆ.

ಯಾರಾದರೂ ಅಂದು ನನ್ನನ್ನು ಹಿಂದಕ್ಕೆ ಕಳಿಸಿದ್ದರೆ
ಹರಸುತ್ತಿದ್ದೆನೋ, ಶಪಿಸುತ್ತಿದ್ದೆನೋ.
ಗೊತ್ತಿಲ್ಲ. ಮನೆಯಲ್ಲಿ ಹಿಟ್ಟಿರಲಿಲ್ಲ.

ಒತ್ತಿದೆ.

ಸದ್ದೂ ಇಲ್ಲ. ಅವಳ ಹೆಸರಿದ್ದಲ್ಲಿ ಬೂದುಬಣ್ಣದ ಚೌಕ.
ಸಮಾಧಾನಕ್ಕೆ ಎರಡು ಸಾಲು ಬರೆಯಲೇ?
ಅವಳಿಗೆ ಮಾತ್ರ, ಬೇರೆ ಯಾರಿಗೂ ಕಾಣದ ಹಾಗೆ?
ಕೈ ತಾನಾಗಿ ಹಿಂದೆ ಬಂತು.
ಆ ದಾರಿಯಲ್ಲಿ ಇನ್ನೊಬ್ಬನ ಹೆಜ್ಜೆ ಇನ್ನೂ ಹಸಿಯಾಗಿದೆ.

ಆದರೆ ಪ್ರಶ್ನೆಯನ್ನು ಅಳಿಸಲಿಲ್ಲ.
ಬರೆಯಲು ವಯಸ್ಸು ಬೇಕು,
ಹೊರಗೆ ನಿಂತು ಓದಲು ಬೇಡ.

ಡನೀಡಿನ್‌ನ ಬಸ್ಸಿನ ಹೆಂಗಸು ಬರೆದಿದ್ದಾಳೆ:
ನಾನು ಹೆಸರನ್ನು ಹಾಡುತ್ತೇನೆ, ನಗಲಿ ಬಿಡು.
ಹೋಬಾರ್ಟಿನ ಮುದುಕ: ಚೀಟಿ. ಈಗಲೂ ಚೀಟಿಯೇ.
ಯಾರೂ ಅವಳ ಹೆಸರೆತ್ತಿಲ್ಲ.
ಎಲ್ಲರೂ ಕಿಟಕಿಯ ಕಡೆಗೇ ತಿರುಗಿ ಮಾತಾಡುತ್ತಿದ್ದಾರೆ.

ನನ್ನ ಸರದಿ. ಎಲ್ಲರಿಗೂ ಕಾಣುವಂತೆ ಬರೆದೆ:

ಬೇಕರಿಯಲ್ಲಿ ನಾನು ನಲವತ್ತು ವರ್ಷ ಆಲ್ ಆಗಿದ್ದೆ.
ಇವತ್ತು ಬೆಳಿಗ್ಗೆ ಹೋಗಿ ಗಾ ಅಂತ ಶುರುಮಾಡಿದೆ.
ಹಿಂದೆ ಸಾಲು ಕಾಯಿತು. ಒಬ್ಬ ಕೆಮ್ಮಿದ.
ಆ ಹುಡುಗಿ ಕೇಳಿಸಿದ್ದನ್ನೇ ಪೊಟ್ಟಣದ ಮೇಲೆ ಬರೆದಳು,
ಗಾಗಾಗಾರ್ಡನ್.
ಹಾಗೇ ಕೂಗಿದಳು.
ಎದ್ದು ಹೋದೆ.