ಹನ್ನೊಂದನೆಯ ಹೆಸರು

ಮಾರ್ಚಿನ ಶನಿವಾರ. ಹೊರಗೆ ಹಳೆಯ ಹಿಮ,
ಗಣಿಯ ದೂಳು ಕೂತು ಬೂದಿಬಣ್ಣ.
ಹೈಸ್ಕೂಲಿನ ಜಿಮ್ಮಿನಲ್ಲಿ, ಬಾಸ್ಕೆಟ್‌ಬಾಲ್ ಬಳೆಯ ಕೆಳಗೆ
ಮಡಿಸುವ ಕುರ್ಚಿ ಅರವತ್ತು, ತುಂಬಿದ್ದು ಐವತ್ತೇಳು.
ಎಣಿಸಿದವನು ನಾನೇ, ಕೌಂಟಿ ಪಕ್ಷದ ಕಾರ್ಯದರ್ಶಿ.
ಅದಕ್ಕೂ ಮುಂಚೆ ಇಪ್ಪತ್ತಾರು ವರ್ಷ
ಮನೆಯೆತ್ತರದ ಲಾರಿಯಲ್ಲಿ
ಗುಂಡಿಯ ತಳದಿಂದ ಕಲ್ಲು ಸಾಗಿಸಿದವನು.

ನೆವಾಡದ ನಮ್ಮ ಚಿನ್ನ ಕಣ್ಣಿಗೆ ಕಾಣುವುದಿಲ್ಲ.
ಟನ್ನುಗಟ್ಟಲೆ ಕಲ್ಲು ಸೋಸಿದರೆ
ಓಲೆಯ ತಿರುಪಿನಷ್ಟು.
ಪುಡಿಮಾಡಿ ಗುಡ್ಡೆ ಹಾಕಬೇಕು, ಮೇಲೆ ವಿಷದ ನೀರು ಹನಿಸಬೇಕು,
ಆಮೇಲೆ ತಿಂಗಳುಗಟ್ಟಲೆ ಕಾಯಬೇಕು.
ಹಾರ್ಲನ್ ಟ್ವೀಡಿ ಕಾಯಬಲ್ಲ.

ಗಣಿಯ ಉಪಾಧ್ಯಕ್ಷ. ಸಾದಾ ಕೋಟು,
ದೂಳು ಕಾಣದ ಬೂಟು.
ಆರು ಡಬ್ಬಿ ಡೋನಟ್ಟು ತಂದಿದ್ದ.
ಊರಿನವರ ಹೆಸರೆಲ್ಲ ಅವನಿಗೆ ಬಾಯಿಪಾಠ,
ಹೆಸರಿನ ಬೆನ್ನಿಗಂಟಿದ ಸಾಲ, ಆಪರೇಷನ್ನು, ಮಗಳ ಕಾಲೇಜು ಕೂಡ.
"ಮೊಣಕಾಲು ಹೇಗಿದೆ, ಲಾಯ್ಡ್?" ಎಂದ.
ಎಡದ್ದೋ ಬಲದ್ದೋ ಎಂದು ಕೇಳಲಿಲ್ಲ,
ನೇರ ಎಡಗಾಲನ್ನೇ ನೋಡಿದ.

ರೀನೋದ ರಾಜ್ಯ ಅಧಿವೇಶನಕ್ಕೆ ಹೋಗುವವರು ಹದಿನಾಲ್ಕು ಮಂದಿ.
ಮೊದಲೆಲ್ಲ ಕಚ್ಚಾಡಿ ಆರಿಸುತ್ತಿದ್ದೆವು:
ನೀರಿನ ಹಕ್ಕು, ಕುರಿ ಮೇಯುವ ಬಯಲು, ಶಾಲೆಯ ಬಸ್ಸು.
ಒಂದು ವರ್ಷ ಕುರ್ಚಿ ಹಾರಿ ಪಾದ್ರಿಗೇ ತಾಗಿತ್ತು.
ಈ ಸಲ ಒಂದು ಕಾಗದ ಬಂತು,
ಮುದ್ರಣಯಂತ್ರದ ಶಾಖ ಇನ್ನೂ ಆರದ್ದು.
"ಹೊತ್ತು ಉಳಿಸೋಣ ಅಂತ," ಎಂದ ಟ್ವೀಡಿ.
ಓದುವ ಕೆಲಸ ನನ್ನದು.

ಓದಿದೆ. ಫೋರ್‌ಮನ್ನು, ಫೋರ್‌ಮನ್ನನ ಹೆಂಡತಿ,
ಡೈನಮೈಟು ಮಾರುವವ, ಟಯರು ಮಾರುವವ.
ಹನ್ನೊಂದು: ಇನ್ಯಾಕಿ ಗೊಯೆನೆಚೆ.
ಬಾಯಿ ಕಣ್ಣಿಗಿಂತ ಮುಂದೆ ಓಡಿಬಿಟ್ಟಿತ್ತು.

ಇನ್ಯಾಕಿ ಸತ್ತು ಹದಿನಾಲ್ಕು ತಿಂಗಳು.
ಪೆಟ್ಟಿಗೆಯ ಎಡಮೂಲೆಗೆ ಹೆಗಲು ಕೊಟ್ಟವನು ನಾನು.
ಸಂಬಳದ ಪುಸ್ತಕದಿಂದ ಹೆಸರು ಇಳಿಸಿಕೊಂಡವರು
ಸ್ಮಶಾನದ ಪುಸ್ತಕ ನೋಡಿರಲಿಲ್ಲ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಟ್ವೀಡಿಯೂ ನಕ್ಕ, ಹದವಾಗಿ.
ಮೂರನೆಯ ಸಾಲಿನಲ್ಲಿ ಮೈಟೆ ಎದ್ದಳು,
ಗಂಡನದೇ ಕುರಿಚರ್ಮದ ಕೋಟು, ತೋಳು ಮಡಿಸಿದ್ದು.
"ಅವನಿಗೆ ಬರಲಾಗುವುದಿಲ್ಲ," ಎಂದಳು.
"ನಾನು ಹೋಗುತ್ತೇನೆ. ನನ್ನ ಬಾವಿಯ ನೀರು
ಎಲ್ಲಿ ಹೋಯಿತೆಂದು ಕೇಳುವುದಿದೆ."

ಜಿಮ್ಮಿನ ಹೀಟರು ಗುರುಗುಟ್ಟಿತು.
"ಮೈಟೆ, ನಿನ್ನ ಮಾತು ಮನಸ್ಸಿಗೆ ತಾಗಿತು," ಎಂದ ಟ್ವೀಡಿ.
"ಆದರೆ ಬದಲಿ ಹೆಸರಿನ ಪಟ್ಟಿಯೂ ಇದೆಯಲ್ಲ."
ಇತ್ತು. ಅದೂ ಬೆಚ್ಚಗಿತ್ತು.

ಕುರಿಯವನೊಬ್ಬ ಅನುಮೋದಿಸಿದ, ಕೈ ಎತ್ತಿಸಬೇಕಾಯಿತು.
ಬೆರಳು ಚಾಚಿ ಸಾಲುಸಾಲಾಗಿ ಎಣಿಸಿದೆ.
ಅಳಿಯನಿಗೆ ಅಲ್ಲೇ ರಾತ್ರಿ ಪಾಳಿ,
ವಿಷದ ನೀರಿನ ಕೊಳವೆ ಕಾಯುವ ಕೆಲಸ.
ಎಣಿಸುವ ಕೈ ಎತ್ತಿದ ಕೈಯಲ್ಲ,
ಈ ನಿಯಮ ಎಲ್ಲಿಯೂ ಬರೆದಿಲ್ಲ,
ಆ ಗಳಿಗೆಯಲ್ಲಿ ನಾನೇ ಮಾಡಿಕೊಂಡೆ.

ಮೈಟೆಗೆ ಇಪ್ಪತ್ತಾರು. ಬದಲಿಗೆ ಮೂವತ್ತು.
ನನ್ನದೊಂದು ಸೇರಿದ್ದರೂ ಗೆಲ್ಲುತ್ತಿರಲಿಲ್ಲ.
ಈ ಲೆಕ್ಕವನ್ನು ದಿನಕ್ಕೆರಡು ಸಲ ಮಾಡುತ್ತೇನೆ,
ಪ್ರತಿಸಲವೂ ಸರಿಯಾಗಿಯೇ ಬರುತ್ತದೆ.

ಎಲ್ಲರೂ ಹೋದ ಮೇಲೆ ಮೈಟೆ ಮೇಜಿನ ಹತ್ತಿರ ಬಂದಳು.
ಗಂಡನ ಹೆಸರಿನ ಬಿಲ್ಲೆ ಅಚ್ಚಾಗಿ ಬಂದಿತ್ತಲ್ಲ,
ಕೋಟಿಗೆ ಚುಚ್ಚಿಕೊಂಡಳು.
ಉಳಿದಿದ್ದ ಡೋನಟ್ಟೊಂದನ್ನು ಕಾಗದದಲ್ಲಿ ಸುತ್ತಿ
"ಇದು ನಾಯಿಗೆ," ಎಂದಳು.
ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಡಾವಳಿ ಪುಸ್ತಕದಲ್ಲಿ 'ಒಮ್ಮತದಿಂದ' ಎಂದು ಬರೆಯಲು ಹೇಳಿದ್ದರು.
ಬರೆದೆ, ಶಾಯಿಯಲ್ಲಿ, ಗುಂಡಾಗಿ.
ಆಮೇಲೆ ಪುಟದ ಅಂಚಿನಲ್ಲಿ, ಪೆನ್ಸಿಲಿನಿಂದ,
ಯಾರಾದರೂ ಕೇಳಿದರೆ ಅಳಿಸಬಹುದಾದಷ್ಟು ತೆಳ್ಳಗೆ:
ಇಪ್ಪತ್ತಾರು.