ತೊಂಬತ್ತೊಂದು ತುಂಡು

ಟೊಪ್ಪಿಗೆಯ ಹಿಮ ಕೊಡವಿ, ಕಂಪ್ಯೂಟರನ್ನು ಮೇಜಿನ ಮೇಲಿಟ್ಟು
ಬೋಗುಮಿಲ್ ಕೇಳಿದರು: ಡಿಫ್ರ್ಯಾಗ್ ಮಾಡಿಕೊಡ್ತೀಯೇನಮ್ಮ?
ಈಗ ಯಾವ ಅಂಗಡಿಯಲ್ಲೂ ಸಿಗದ
ಹಳೇ ಮಾತ್ರೆಯೊಂದರ ಹೆಸರು ಹೇಳಿದ ಹಾಗೆ.

ತ್ಚೆವ್ ಊರಿನ ರೈಲ್ವೆ ಬೀದಿಯಲ್ಲಿ ನನ್ನದು ಅರ್ಧ ಅಂಗಡಿ,
ಇನ್ನರ್ಧ ಬೂಟು ಹೊಲಿಯುವ ಝ್ಬಿಶೆಕ್‌ನದು.
ನಾನೆಂದೆ, ಬೇಕಾಗಿಲ್ಲ. ಈಗ ಯಾರೂ ಮಾಡಿಸೋದಿಲ್ಲ.

"ಬೇಕಾಗಿಲ್ಲ ಅನ್ನೋದು ಸುಲಭ. ಯಾಕೆ ಅಂತ ಹೇಳು.
ಮೂವತ್ತೆಂಟು ವರ್ಷ ಯಾರ್ಡಿನಲ್ಲಿ
ವ್ಯಾಗನ್ ವಿಂಗಡಿಸಿದವನು ನಾನು.
ದಿಕ್ಕಾಪಾಲಾದದ್ದನ್ನು ಸಾಲಿಗೆ ತರೋದು ಗೊತ್ತು."

ಹೇಳಿದೆ.
ಹಿಂದೆ ಫೈಲುಗಳನ್ನು ಭುಜಕ್ಕೆ ಭುಜ ತಾಗಿಸಿ ಕೂರಿಸುತ್ತಿದ್ದರು.
ಒಂದು ಬೆಳೆದರೆ ಪಕ್ಕದಲ್ಲಿ ಜಾಗವಿಲ್ಲ,
ಬಾಲ ಎಲ್ಲೋ, ತಲೆ ಎಲ್ಲೋ.
ಈಗಿನದು ಮೊದಲೇ ಅಷ್ಟಷ್ಟು ಬಯಲು ಬಿಟ್ಟು ಕೂರಿಸುತ್ತದೆ.
ಇನ್ನು ಹೊಸ ಡಿಸ್ಕುಗಳಿಗಂತೂ ಕೈಯೇ ಇಲ್ಲ;
ಕೈ ಚಾಚಬೇಕಿಲ್ಲದವರಿಗೆ ದೂರವೆಲ್ಲಿಯದು?
ಅಲ್ಲಿಂದಿಲ್ಲಿಗೆ ಸಾಗಿಸಿದಷ್ಟೂ ಸವೆತವೇ ಲಾಭ.

"ಇದಕ್ಕೆ ಕೈ ಇದೆ," ಅಂದರು. "ರಾತ್ರಿ ಕೇಳಿಸುತ್ತೆ."

ಕಿವಿಯಿಟ್ಟೆ.
ಇತ್ತು. ಕಟಕ್, ಕಟಕಟಕ್,
ಕತ್ತಲಲ್ಲಿ ಕನ್ನಡಕ ತಡಕುವ ಮುದುಕರ ಹಾಗೆ.

ತೆರೆದು ನೋಡಿದರೆ ನೂರಕ್ಕೆ ತೊಂಬತ್ತೇಳು ಭರ್ತಿ.
ತಂಗಿಯ ಮೊಮ್ಮಗಳ ಮದುವೆ, ಅದೇ ಮದುವೆ, ಮೂರು ಸಲ.
ತೆರೆಯನ್ನು ಅವರತ್ತ ತಿರುಗಿಸಿದೆ.
ಬಗ್ಗಿ ನೋಡಿ, ಸುಮ್ಮನಿದ್ದು,
ಯಾರ್ಡಿನ ದನಿಯಲ್ಲಿ ಅಂದರು:
"ಖಾಲಿ ಹಳಿ ಒಂದೂ ಇಲ್ಲ.
ಇಂಥ ಕಡೆ ದೇವರೇ ಬಂದರೂ ಶಂಟಿಂಗ್ ಮಾಡಲಾರ."

ನಾನು ಒಂದು ಗಂಟೆ ಹೇಳಬೇಕೆಂದಿದ್ದು ಅಷ್ಟೇ.

ಆಮೇಲೆ ಸಿಕ್ಕಿತು ಆ ಪುಟ್ಟ ಫೈಲು.
ಒಂದು ಹಾಡಿನ ಹತ್ತನೇ ಒಂದು ಪಾಲೂ ತೂಕವಿಲ್ಲ,
ತುಂಡು ಮಾತ್ರ ತೊಂಬತ್ತೊಂದು.
ನಿವೃತ್ತಿಯ ಮರುದಿನದಿಂದ ಅಡುಗೆಮನೆಯ ಕಿಟಕಿಯಲ್ಲಿ ನಿಂತು
ವಿಸ್ವಾ ನದಿಯ ಸೇತುವೆ ದಾಟುವ ಗೂಡ್ಸ್ ಗಾಡಿ ಎಣಿಸಿ
ದಿನಕ್ಕೊಂದು ಸಾಲು. ಇಪ್ಪತ್ತೆರಡು ವರ್ಷ.

ಕಲ್ಲಿದ್ದಲು, ನಲವತ್ತೆರಡು, ಉತ್ತರಕ್ಕೆ.
ಬರಿಗಾಡಿ, ಮೂವತ್ತು, ವಾಪಸು.
ಮಂಜು. ಸದ್ದು ಮಾತ್ರ. ಐವತ್ತಾರು ಇರಬಹುದು.
ಒಂದು ಮಾರ್ಚಿನಲ್ಲಿ ಒಂಬತ್ತು ದಿನ ಬರೀ ತಾರೀಖು.

ಕೇಳಲಿಲ್ಲ ನಾನು.
ನಿಧಾನ ಬೆಳೆಯುವುದೇ ಹೆಚ್ಚು ಚೂರಾಗುವುದು, ಅಂದೆ, ಸುಮ್ಮನೆ.
ಒಮ್ಮೆಲೇ ಬಂದು ಬಿದ್ದ ಮದುವೆ ಇಡಿಯಾಗಿ ಕೂತಿದೆ.
ಇದು ದಿನವೂ ಜಾಗ ಕೇಳಿದೆ,
ಸಿಕ್ಕ ಸಂದಿಯಲ್ಲಿ ತೂರಿಕೊಂಡಿದೆ.
ಆದರೂ ನೋಡಿ, ಆ ಕೈ ತೊಂಬತ್ತೊಂದು ಕಡೆ ಓಡಿ
ಒಂದು ಸಾಲೂ ತಪ್ಪದೆ ತಂದುಕೊಡುತ್ತದೆ.
ಹಿಡಿಯುವುದು ಒಂದೇ ಸೆಕೆಂಡು.

"ಒಂದು ಸೆಕೆಂಡೇ?"
ಇಪ್ಪತ್ತೆರಡು ವರ್ಷಕ್ಕೆ ಅದು ಹೆಚ್ಚೋ ಕಡಿಮೆಯೋ
ಅವರ ಮುಖದಿಂದ ತಿಳಿಯಲಿಲ್ಲ.

ಇದೊಂದನ್ನು ಬೇಕಾದರೆ ಜೋಡಿಸಿಕೊಡ್ತೀನಿ, ಅಂದೆ.
"ನಾಳೆಯ ಸಾಲು ಎಲ್ಲಿ ಹೋಗುತ್ತೆ?"
ಪಕ್ಕದಲ್ಲಿ ಜಾಗವಿದ್ದರೆ ಪಕ್ಕದಲ್ಲೇ.
"ಹಾಗಾದರೆ ಮೊದಲು ಮದುವೆ ತೆಗಿ."

ಮೂರನ್ನೂ ಓಡಿಸಿ ನೋಡಿದೆವು.
ತಾವು ಕುರ್ಚಿಯಲ್ಲೇ ಬಾಯ್ತೆರೆದು ನಿದ್ದೆಹೋದದ್ದು
ಚೆನ್ನಾಗಿ ಕಾಣುವ ಪ್ರತಿಯನ್ನು ಉಳಿಸಿಕೊಂಡರು.
ಆಮೇಲೆ, ಕಳ್ಳತನ ಒಪ್ಪಿಕೊಳ್ಳುವವರಂತೆ:
"ನಿಜ ಹೇಳಲಾ, ವೇಗ ನನಗೆ ಬೇಕಿರಲಿಲ್ಲ.
ಆಗ ತೆರೆಯ ಮೇಲೆ ಸಣ್ಣ ಸಣ್ಣ ಚೌಕ ಬರ್ತಿದ್ದವಲ್ಲ,
ಕೆಂಪು ಕರಗಿ ನೀಲಿ ಆಗ್ತಿದ್ದವು.
ಶಿಳ್ಳೆ ಇಲ್ಲ, ಬೈಗುಳ ಇಲ್ಲ, ಯಾರ ಬೆರಳೂ ಜಜ್ಜದೆ
ಇಡೀ ಯಾರ್ಡು ತಾನಾಗಿ ಓರಣವಾಗೋದು.
ಭಾನುವಾರ ಪೂರ್ತಿ ನೋಡ್ತಾ ಕೂರ್ತಿದ್ದೆ."

ಹನ್ನೆರಡು ಜ್ವೋತಿ ಎಣಿಸಿಟ್ಟು ಬಾಗಿಲು ತೆರೆದರು.
ದೂರದಲ್ಲಿ ಸೇತುವೆ ಗುಡುಗತೊಡಗಿತು.
ಒಂದು ಕಾಲು ಒಳಗೆ, ಒಂದು ಕಾಲು ಹಿಮದಲ್ಲಿ,
ತುಟಿ ಮಾತ್ರ ಅಲ್ಲಾಡುತ್ತಿತ್ತು.
ಝ್ಬಿಶೆಕ್ ಸುತ್ತಿಗೆ ಎತ್ತಿದವನು ಎತ್ತಿಯೇ ಇದ್ದ.
ಚಳಿ ಒಳಗೆ ನುಗ್ಗಿತು. ನಾವು ಕಾದೆವು.

"ಮೂವತ್ತೊಂಬತ್ತು," ಅಂದರು, ಟೊಪ್ಪಿಗೆ ಹಾಕಿಕೊಳ್ಳುತ್ತ.